ಕಂಪನಿಯ ಲೆಕ್ಕ, ದೇಶದ ದಂಡ

ಕರ ಕಟ್ಟುವಾಗ ಒಂದು ಬೆಲೆ, ಪರಿಹಾರ ಕೇಳುವಾಗ ಇನ್ನೊಂದು ಬೆಲೆ. ಈ ಲೆಕ್ಕ ಒಪ್ಪದ ಗ್ವಾಟೆಮಾಲಾ ದೇಶ ತನ್ನ ಸರ್ಕಾರವನ್ನೇ ಕಳೆದುಕೊಂಡಿತು.

ಚುನಾವಣೆಯಲ್ಲಿ ಗೆದ್ದ ಅಧ್ಯಕ್ಷ ಆರ್ಬೆನ್ಸ್ 1952ರಲ್ಲಿ ಭೂಸುಧಾರಣೆಯ ಕಾನೂನು ತಂದರು. ದೊಡ್ಡ ಒಡೆಯರು ಬೀಳು ಬಿಟ್ಟ ಭೂಮಿ ಬಡ ರೈತನಿಗೆ. ಒಡೆಯರೇ ಕರಕ್ಕಾಗಿ ಬರೆಸಿದ ಬೆಲೆ ಅವರಿಗೆ ಪರಿಹಾರ. ಅಲ್ಲಿನ ಅತಿ ದೊಡ್ಡ ಭೂಮಾಲೀಕ ಅಮೆರಿಕದ ಯುನೈಟೆಡ್ ಫ್ರೂಟ್ ಕಂಪನಿ. ಅದರ ಪರವಾಗಿ ಅಮೆರಿಕ ಸರ್ಕಾರವೇ ಒಂದೂವರೆ ಕೋಟಿ ಡಾಲರಿಗೂ ಹೆಚ್ಚು ಕೇಳಿತು. 1954ರ ಜೂನಿನಲ್ಲಿ ಸಿ.ಐ.ಎ. ಸಜ್ಜುಗೊಳಿಸಿದ ದಂಡು ನುಗ್ಗಿತು, ಆರ್ಬೆನ್ಸ್ ಇಳಿದರು. ಹಂಚಿದ ಭೂಮಿಯ ಬಹುಪಾಲು ಒಡೆಯರಿಗೆ ಮರಳಿತು. 1960ರಿಂದ 1996ರವರೆಗಿನ ಅಂತರ್ಯುದ್ಧ ಎರಡು ಲಕ್ಷ ಜನರನ್ನು ನುಂಗಿತು.

ಕಮ್ಯೂನಿಸಂ ತಡೆಯಲು ಹೀಗೆ ಮಾಡಿದೆವೆಂಬುದು ಅಮೆರಿಕದ ವಾದ. ಆರ್ಬೆನ್ಸರ ಸುತ್ತ ಕಮ್ಯೂನಿಸ್ಟರು ಇದ್ದುದು ನಿಜ. ಆದರೆ ಅವರನ್ನು ಇಳಿಸುವ ಹಕ್ಕು ಆ ದೇಶದ ಮತದಾರನದು, ವಾಷಿಂಗ್ಟನ್ನಿನದಲ್ಲ. ದಮನ ನಡೆಸಿದ ಪಡೆಗಳಿಗೆ ನೆರವಾದುದು ತಪ್ಪೆಂದು ಅಧ್ಯಕ್ಷ ಕ್ಲಿಂಟನ್ನರೇ 1999ರಲ್ಲಿ ಹೇಳಿದರು. ಸತ್ತವರು ಎದ್ದು ಬರಲಿಲ್ಲ.

ಲೆಕ್ಕದಲ್ಲಿ ಬೆಲೆ ಇಳಿಸಿ ಬರೆದರೆ ಸಣ್ಣ ವರ್ತಕ ದಂಡ ತೆರುತ್ತಾನೆ. ಈ ಕಂಪನಿಯ ದಂಡವನ್ನು ತೆತ್ತವನು ಉಳುವ ರೈತ. ಯಾವ ದೇಶವನ್ನಾದರೂ ಪ್ರಜಾಪ್ರಭುತ್ವದ ಹೆಸರಿನಲ್ಲಿ ಉದ್ಧರಿಸಲು ದೊಡ್ಡ ರಾಷ್ಟ್ರ ಹೊರಟಾಗ, ದುಡಿಯುವ ಜನರಾದ ನಾವು ಮೊದಲು ಕೇಳಬೇಕಾದದ್ದು ಒಂದೇ: ಅಲ್ಲಿ ಯಾರ ಆಸ್ತಿ ಇದೆ?