ಕುರಿ ಓಡಿಹೋಯ್ತು ಅಂತ ತೋಳ ಅತ್ತಿದ್ದು

ಆನ್‌ಲೈನ್ ರೋಲ್-ಪ್ಲೇಯಿಂಗ್ ಗೇಮ್ ಆಡುವವರಲ್ಲಿ ಎರಡು ಜಾತಿ. ಬೇರೆ ಆಟಗಾರರ ಜೊತೆ ಹೊಡೆದಾಡುವವರದ್ದು ಒಂದು, ಕಂಪ್ಯೂಟರ್ ಆಡಿಸುವ ರಾಕ್ಷಸರು, ಡ್ರ್ಯಾಗನ್ನುಗಳ ಜೊತೆ ಹೊಡೆದಾಡುವವರದ್ದು ಇನ್ನೊಂದು. ಮೊದಲನೆಯದಕ್ಕೆ ಪಿವಿಪಿ ಅಂತಾರೆ, ಎರಡನೆಯದಕ್ಕೆ ಪಿವಿಇ. ಜಾತಿ ಅಂದಮೇಲೆ ಮೇಲು-ಕೀಳು ಇರಲೇಬೇಕಲ್ಲ, ಇಲ್ಲೂ ಇದೆ. ಪಿವಿಪಿಯವನು ಗಂಡೆದೆಯವನು. ಪಿವಿಇಯವನು 'ಕೇರ್‌ಬೇರ್', ಅಂದ್ರೆ ಮುದ್ದು ಮಾಡೋ ಕರಡಿ ಗೊಂಬೆ. "ಬಾಟ್ ಹೊಡೆಯೋದೂ ಒಂದು ಆಟನಾ ಗುರೂ? ಎದುರಿಗೆ ಮನುಷ್ಯ ಇದ್ರೆ ತಾನೇ ರಿಸ್ಕು!" ಅನ್ನೋದು ಇವರ ಮಂತ್ರ.

ಈ ಮಂತ್ರ ಶುದ್ಧ ಬುರುಡೆ ಕಣ್ರೀ. ರಿಸ್ಕು ರಿಸ್ಕು ಅಂತ ಬಡಬಡಿಸುವವರಲ್ಲಿ ಹೆಚ್ಚಿನವರು ರಿಸ್ಕಿನಿಂದ ಎಲ್ಲರಿಗಿಂತ ದೂರ ಓಡುವವರು. ಸುಮ್ಮನೆ ಹೇಳ್ತಿಲ್ಲ, ಇದಕ್ಕೆ ಇತಿಹಾಸದಲ್ಲೇ ಸಾಕ್ಷಿ ಇದೆ.

1997ರಲ್ಲಿ ಅಲ್ಟಿಮಾ ಆನ್‌ಲೈನ್ ಬಂತು. ಊರಿನ ಕಾವಲುಗಾರರ ಎಲ್ಲೆ ದಾಟಿದರೆ ಅಲ್ಲಿ ಯಾರು ಯಾರನ್ನಾದರೂ ಕೊಲ್ಲಬಹುದಿತ್ತು, ಸತ್ತವನ ಹತ್ತಿರ ಇದ್ದದ್ದನ್ನೆಲ್ಲ ಬಾಚಿಕೊಳ್ಳಬಹುದಿತ್ತು. ಆಟಗಾರರೇ ಒಗ್ಗಟ್ಟಾಗಿ ಕೊಲೆಗಡುಕರನ್ನು ಹದ್ದುಬಸ್ತಿನಲ್ಲಿ ಇಡ್ತಾರೆ ಅಂತ ಮುಖ್ಯ ವಿನ್ಯಾಸಕ ರಾಫ್ ಕೋಸ್ಟರ್ ನಂಬಿದ್ದರು. ಹಾಗಾಗಲಿಲ್ಲ. ಅದಿರು ಅಗೆಯಲು ಹೋದ ಹೊಸಬ ನಾಲ್ಕು ಸಲ ಸಾಯುತ್ತಿದ್ದ, ಐದನೇ ಸಲ ಲಾಗಿನ್ನೇ ಆಗುತ್ತಿರಲಿಲ್ಲ. ಕೊನೆಗೆ 2000ದಲ್ಲಿ ಕಂಪನಿ ಇಡೀ ಜಗತ್ತನ್ನೇ ಎರಡು ಪ್ರತಿ ಮಾಡಿತು. ಫೆಲುಕ್ಕಾ ಎಂಬ ಪ್ರತಿಯಲ್ಲಿ ಹಳೇ ರೂಲ್ಸು. ಟ್ರಾಮೆಲ್ ಎಂಬ ಪ್ರತಿಯಲ್ಲಿ ಒಪ್ಪಿಗೆ ಇಲ್ಲದವರ ಮೇಲೆ ಕೈ ಮಾಡುವಂತಿಲ್ಲ. ಬಹುಪಾಲು ಜನ ಟ್ರಾಮೆಲ್‌ಗೆ ಗುಳೆ ಹೋದರು.

ಈಗ ಲಾಜಿಕ್ ನೋಡಿ. ಹೊಡೆದಾಟ ಬೇಡ ಅನ್ನುವವರೆಲ್ಲ ಹೊರಟುಹೋದ ಮೇಲೆ ಫೆಲುಕ್ಕಾದಲ್ಲಿ ಉಳಿದವರು ಯಾರು? ಹೊಡೆದಾಟ ಬೇಕು ಅನ್ನುವವರು ಮಾತ್ರ. ಎದುರಿಗೆ ಮನುಷ್ಯ, ಅದೂ ಕತ್ತಿ ಹಿಡಿದು ತಯಾರಾಗಿರುವ ಮನುಷ್ಯ. ಇವರು ಬೇಡಿದ ಸ್ವರ್ಗವೇ ಸಿಕ್ಕಿತ್ತು. ಇವರು ಮಾಡಿದ್ದೇನು? ಆಟ ಕುಲಗೆಟ್ಟುಹೋಯ್ತು ಅಂತ ಎದೆ ಬಡಿದುಕೊಂಡರು. 'ಟ್ರಾಮೆಲ್' ಅನ್ನೋದನ್ನೇ ಬೈಗುಳ ಮಾಡಿಕೊಂಡರು. ಕುರಿ ಓಡಿಹೋಯ್ತು ಅಂತ ತೋಳ ಅತ್ತ ಹಾಗೆ. ತೋಳಕ್ಕೆ ಬೇಕಾಗಿದ್ದು ಇನ್ನೊಂದು ತೋಳ ಅಲ್ಲವೇ ಅಲ್ಲ ಅನ್ನೋದು ಆವತ್ತೇ ಸಾಬೀತಾಯಿತು.

2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲೂ ಇದೇ ಹಾಡು. ಅಲ್ಲಿ ಸ್ಟ್ರಾಂಗಲ್‌ಥಾರ್ನ್ ವೇಲ್ ಅಂತ ಒಂದು ಕಾಡು. ಮೂವತ್ತು-ನಲವತ್ತರ ಲೆವೆಲ್ಲಿನವರು ಹುಲಿ, ಚಿರತೆ ಬೇಟೆಯಾಡುವ ಜಾಗ. ಪಿವಿಪಿ ಸರ್ವರ್‌ಗಳಲ್ಲಿ ಅರವತ್ತನೇ ಲೆವೆಲ್ಲಿನವರು ಅಲ್ಲಿಗೆ ಬಂದು ಇವರನ್ನು ಕೊಲ್ಲುತ್ತಿದ್ದರು. ತಿರುಗಿಸಿ ಹೊಡೆದರೆ ಏಟು ಬಹುಪಾಲು ತಾಗುವುದೇ ಇಲ್ಲ, ಲೆವೆಲ್ ಅಂತರ ಅಷ್ಟು. ಸತ್ತವನ ಆತ್ಮ ಸ್ಮಶಾನದಿಂದ ಹೆಣದ ತನಕ ಓಡಿ ಬಂದು ಎದ್ದು ನಿಂತರೆ ಮತ್ತೆ ಹೊಡಿ, ಮತ್ತೆ ಕಾಯಿ. ತೀರಾ ಕೆಳ ಲೆವೆಲ್ಲಿನವರನ್ನು ಕೊಂದರೆ ಗೇಮ್ ಒಂದು ಪಾಯಿಂಟ್ ಗೌರವವನ್ನೂ ಕೊಡುತ್ತಿರಲಿಲ್ಲ. ಆದರೂ ಕೊಲ್ಲುತ್ತಿದ್ದರು. ಇದಕ್ಕೆ ಶೌರ್ಯ ಅಂತ ಹೆಸರು!

"ಪಿವಿಪಿ ಸರ್ವರ್ ಆರಿಸಿಕೊಂಡವನು ನೀನೇ ತಾನೆ?" ಅಂತ ಕೇಳ್ತಾರೆ. ಸರಿ ಸ್ವಾಮಿ, ಕುಸ್ತಿ ಕಣಕ್ಕೆ ಇಳಿದವನೂ ತಾನೇ ಇಳಿದಿರ್ತಾನೆ. ಹಾಗಂತ ತೊಂಬತ್ತು ಕೆಜಿ ಪೈಲ್ವಾನನನ್ನು ಹೈಸ್ಕೂಲು ಹುಡುಗನ ಮೇಲೆ ಬಿಡ್ತೀವಾ? ನಮ್ಮ ಕಡೆ ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುತ್ತಾರೆ. ತೂಕ ನೋಡಿ, ಪಟ್ಟು ನೋಡಿ, ಸಮ ಸಮ ಇದ್ದವರನ್ನು ಕೂಡಿಸ್ತಾರೆ. ಜೋಡಿ ಕಟ್ಟದೆ ಹೊಡೆದರೆ ಅದು ಕುಸ್ತಿ ಅಲ್ಲ, ಬರೀ ಹೊಡೆತ. ಇಷ್ಟು ಬುದ್ಧಿ ಗರಡಿ ಮನೆಯವರಿಗೆ ಎಂದೋ ಇತ್ತು.

ಇನ್ನು ಕಂಪ್ಯೂಟರ್ ಎದುರಾಳಿ ದಡ್ಡ ಅನ್ನುವ ಮಾತು. ಕೋಡ್ ಬರೆದು ಹೊಟ್ಟೆ ಹೊರೆಯುವವನಾಗಿ ಹೇಳ್ತೀನಿ, ಸೋಲದ ರಾಕ್ಷಸನನ್ನು ಮಾಡೋದು ಬಲು ಸುಲಭ. ನೀವು ಎಲ್ಲಿದ್ದೀರಿ, ನಿಮ್ಮ ಜೀವ ಎಷ್ಟು ಉಳಿದಿದೆ, ಎಲ್ಲ ಲೆಕ್ಕವೂ ಸರ್ವರ್ ಹತ್ತಿರವೇ ಇದೆ. ಒಂದೇ ಏಟಿಗೆ ಮುಗಿಸಬಹುದು. ಕಷ್ಟ ಇರೋದು ಸೋಲುವ ರಾಕ್ಷಸನನ್ನು ಮಾಡೋದರಲ್ಲಿ. ಕಲಿತವನಿಗೆ ಸೋಲಬೇಕು, ಕಲಿಯದವನಿಗೆ ಸೋಲಬಾರದು. ಮೋಲ್ಟನ್ ಕೋರ್‌ನ ರಾಗ್ನರೋಸ್ ನೋಡಿ. ಅವನನ್ನು ಎದುರಿಸಲು ಹೋಗುತ್ತಿದ್ದದ್ದು ನಲವತ್ತು ಜನರ ತಂಡ. ನಿಂತ ಜಾಗ ತಪ್ಪಿದರೆ ಲಾವಾಕ್ಕೆ ಎಗರಿ ಬೀಳ್ತೀರಿ. ಮೂರು ನಿಮಿಷದಲ್ಲಿ ಮುಗಿಸದಿದ್ದರೆ ಅವನು ಮುಳುಗಿ, ಎಂಟು ಬೆಂಕಿ ಮಕ್ಕಳನ್ನು ಮೇಲೆ ಕಳಿಸ್ತಾನೆ. ನಲವತ್ತು ಜನರನ್ನು ಒಂದೇ ತಾಳಕ್ಕೆ ಕುಣಿಸೋದು ಎಷ್ಟು ಕಷ್ಟ ಅಂತ ಹತ್ತು ಜನರ ಸ್ಟ್ಯಾಂಡ್-ಅಪ್ ಮೀಟಿಂಗ್ ನಡೆಸಿದವರನ್ನು ಕೇಳಿ.

ಹಾಗಾದರೆ ಪಿವಿಪಿ ಬೇಡವಾ? ಖಂಡಿತ ಬೇಕು. ರಾಕ್ಷಸನ ಪಟ್ಟುಗಳನ್ನು ಒಂದು ಸಲ ಬಾಯಿಪಾಠ ಮಾಡಿದರೆ ಮುಗೀತು, ಮನುಷ್ಯ ಪ್ರತಿ ಸಲ ಹೊಸ ಪಟ್ಟು ಹಾಕ್ತಾನೆ. 2003ರಿಂದ ನಡೆಯುತ್ತಿರುವ ಈವ್ ಆನ್‌ಲೈನ್‌ನಲ್ಲಿ ಹಾಳಾದ ಹಡಗು ಹೋಯಿತು ಅಂದರೆ ಹೋಯಿತು, ವಾಪಸ್ ಬರಲ್ಲ. 2014ರ ಜನವರಿಯಲ್ಲಿ ಬಿ-ಆರ್5ಆರ್‌ಬಿ ಎಂಬಲ್ಲಿ ಸುಮಾರು 21 ಗಂಟೆ ಯುದ್ಧ ನಡೆದು, ಟೈಟನ್ ಎಂಬ ದೈತ್ಯ ಹಡಗುಗಳು 75 ಮಣ್ಣುಪಾಲಾದವು. ಎರಡೂ ಕಡೆಯವರು ತಯಾರಾಗಿ ಬಂದವರು, ಎರಡೂ ಕಡೆಯವರು ಕಳೆದುಕೊಂಡವರು. ಇದಕ್ಕೆ ರಿಸ್ಕ್ ಅನ್ನಿ, ಕೈ ಮುಗೀತೀನಿ. ಆದರೆ ಅದೇ ಈವ್‌ನಲ್ಲಿ ಪೊಲೀಸ್ ಕಾವಲಿರುವ ಜಾಗಕ್ಕೆ ಅಗ್ಗದ ಹಡಗು ತಂದು, ಅದು ನಾಶವಾಗುತ್ತೆ ಅಂತ ಮೊದಲೇ ಲೆಕ್ಕ ಹಾಕಿ, ಸುಮ್ಮನೆ ಗಣಿ ಅಗೆಯುವವನನ್ನು ಉಡಾಯಿಸುವವರೂ ಇದ್ದಾರೆ. ಅದು ರಿಸ್ಕ್ ಅಲ್ಲ ಸ್ವಾಮಿ, ಖರ್ಚು.

ನಮ್ಮಂಥವರಿಗೆ ಇದು ಯಾಕೆ ಮುಖ್ಯ ಅಂದ್ರೆ, ನಮ್ಮ ಹತ್ತಿರ ಇರೋದೇ ಒಂದು ಗಂಟೆ. ಸಿಲ್ಕ್ ಬೋರ್ಡ್ ದಾಟಿ, ಊಟ ಮುಗಿಸಿ, ಕ್ಲೈಂಟ್ ಕಾಲ್ ಮುಗಿಸಿ ಉಳಿದ ಒಂದು ಗಂಟೆ. ಬೆಂಗಳೂರಿನಿಂದ ಯುರೋಪಿನ ಸರ್ವರ್‌ಗೆ ಸಿಗ್ನಲ್ ಹೋಗಿ ಬರಲು ನೂರು ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು. ಸರ್ವರ್ ಪಕ್ಕದ ಊರಲ್ಲಿ ಕೂತವನು ನಮಗಿಂತ ಮೊದಲು ಹೊಡೆದಿರ್ತಾನೆ. ರಾಕ್ಷಸನಾದರೆ ಈ ವಿಳಂಬವನ್ನು ತಕ್ಕಮಟ್ಟಿಗೆ ತಾಳಿಕೊಳ್ತಾನೆ. ಆ ಒಂದು ಗಂಟೆಯನ್ನು ಹೆಣದ ಪಕ್ಕ ಕಾಯುತ್ತಾ ಕಳೆಯಬೇಕಾ, ಗೆಳೆಯರ ಜೊತೆ ಡ್ರ್ಯಾಗನ್ ಹೊಡೆಯಬೇಕಾ ಅನ್ನುವ ತೀರ್ಮಾನ ನನ್ನದಾಗಿರಬೇಕು. ನನ್ನ ಸಮಯ ಇನ್ನೊಬ್ಬನ ಬೇಟೆಯ ಪ್ರಾಣಿ ಅಲ್ಲ.

ವಾರ್‌ಕ್ರಾಫ್ಟ್‌ನವರು 2018ರಲ್ಲಿ ಸರ್ವರ್‌ಗಳ ಈ ಭೇದ ತೆಗೆದು, ವಾರ್ ಮೋಡ್ ಎಂಬ ಸ್ವಿಚ್ ಕೊಟ್ಟರು. ಬೇಕಾದವರು ಹಾಕಿಕೊಳ್ಳಿ, ಬೇಡದವರು ಆರಿಸಿಕೊಳ್ಳಿ. ಹಾಕಿಕೊಂಡವರಿಗೆ ಬೋನಸ್ ಬೇರೆ. ಸರಿಯಾದ ದಾರಿ ಅದು. ನಿಜವಾದ ಪಿವಿಪಿಗೆ ಅದಕ್ಕೂ ಮೊದಲೇ, 2007ರಿಂದ, ಅರೀನಾ ಇದೆ: ಎರಡಕ್ಕೆ ಎರಡು, ಮೂರಕ್ಕೆ ಮೂರು, ರೇಟಿಂಗ್ ನೋಡಿ ಜೋಡಿ ಕಟ್ಟಿ ಬಿಡ್ತಾರೆ. ಗಂಡೆದೆ ಇದ್ದವರು ಅಲ್ಲಿಗೆ ಹೋಗಲಿ. ಸಮಬಲದವನ ಕೈಲಿ ಸೋತು ಬಂದವನ ಮಾತು ನಾನು ಗೌರವದಿಂದ ಕೇಳ್ತೀನಿ. ಕುರಿ ಹಟ್ಟಿ ಬಾಗಿಲಲ್ಲಿ ಕೂತು ಶೌರ್ಯದ ಪಾಠ ಹೇಳುವ ತೋಳದ ಮಾತು ಮಾತ್ರ ಬೇಡ.