ತೀರವನ್ನಷ್ಟೇ ಕಂಡವರಿಗೆ ಕಾಣದ ಮಿನಿಕಾಯ್

ಮಿನಿಕಾಯ್ ದ್ವೀಪದ ದಕ್ಷಿಣ ಭಾಗದಲ್ಲಿ 1885ರಿಂದ ಒಂದು ದೀಪಸ್ತಂಭ ನಿಂತಿದೆ. ಅದನ್ನು ಕಟ್ಟಿದ್ದು ದ್ವೀಪದವರ ಅನುಕೂಲಕ್ಕಲ್ಲ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಯುರೋಪಿನಿಂದ ಕೊಲಂಬೊ, ಸಿಂಗಪುರದ ಕಡೆಗೆ ಹೊರಟ ಹಬೆ ಹಡಗುಗಳು ಈ ದ್ವೀಪದ ಪಕ್ಕದಲ್ಲೇ ಹಾಯತೊಡಗಿದವು. ನೀರಿನ ಮಟ್ಟಕ್ಕೇ ಅಡಗಿ ಕೂತ ಹವಳದ ದಿಬ್ಬಕ್ಕೆ ಬಡಿದು ಹಡಗುಗಳು ಒಡೆಯುತ್ತಿದ್ದವು. ಕಾಲುವೆ ತೆರೆಯುವುದಕ್ಕೂ ಮೊದಲೇ, 1862ರಲ್ಲಿ, ಪಿ ಅಂಡ್ ಒ ಕಂಪನಿಯ ‘ಕೊಲಂಬೊ’ ಎಂಬ ಟಪಾಲು ಹಡಗಿಗೆ ಆಗಿದ್ದೂ ಅದೇ ಗತಿ. ಇಂದಿಗೂ ಮಿನಿಕಾಯ್‌ನ ಉತ್ತರಕ್ಕಿರುವ ನೈನ್ ಡಿಗ್ರಿ ಚಾನೆಲ್‌ನಲ್ಲಿ ತೈಲದ ಟ್ಯಾಂಕರುಗಳು, ಕಂಟೇನರ್ ಹಡಗುಗಳು ಹಗಲಿರುಳು ಸಾಗುತ್ತವೆ. ಅವು ಇಲ್ಲಿ ನಿಲ್ಲುವುದಿಲ್ಲ. ದ್ವೀಪದ ಜನ ಕೊಚ್ಚಿಯಿಂದ ಬರುವ ಪ್ರಯಾಣಿಕರ ಹಡಗಿಗೆ ಕಾದು ಕೂರುತ್ತಾರೆ. ಮಳೆಗಾಲ ಹಿಡಿದರೆ ಆ ಹಡಗಿನ ವೇಳಾಪಟ್ಟಿಯನ್ನೂ ಕಡಲೇ ತೀರ್ಮಾನಿಸುತ್ತದೆ.

ಲೋಕದ ಹೆದ್ದಾರಿಯ ಪಕ್ಕದಲ್ಲೇ ಇದ್ದೂ ಇಷ್ಟು ದೂರ! ಲಕ್ಷದ್ವೀಪದ ಈ ದಕ್ಷಿಣ ತುದಿಯ ದ್ವೀಪವನ್ನು ಅರ್ಥ ಮಾಡಿಕೊಳ್ಳಲು ಹೊರಟವರಿಗೆ ಮೊದಲು ಎದುರಾಗುವ ವೈರುಧ್ಯ ಇದು. ಆಮೇಲೆ ಇಂಥವು ಒಂದರ ಹಿಂದೊಂದು ಬರುತ್ತವೆ. ಇವನ್ನು ಪ್ರವಾಸಿಗರಿಗೆ ತೋರಿಸುವ ಸೋಜಿಗಗಳೆಂದು ಬದಿಗಿಡುವಂತಿಲ್ಲ. ಅಲ್ಲಿನ ಬದುಕು ನಿಂತಿರುವುದೇ ಅವುಗಳ ಮೇಲೆ. ದಿಲ್ಲಿಯಲ್ಲಿ ಕೂತು ದ್ವೀಪಗಳ ಭವಿಷ್ಯ ಬರೆಯುವವರು ಇದನ್ನು ಗಮನಿಸದೆ ಮುಂದೆ ಹೋದರೆ ಆಗುವ ನಷ್ಟವನ್ನು ಯಾವ ಪ್ಯಾಕೇಜೂ ತುಂಬಿಕೊಡಲಾರದು.

2024ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಲಕ್ಷದ್ವೀಪಕ್ಕೆ ಹೋಗಿ ಬಂದ ಮೇಲೆ ಏನಾಯಿತೆಂಬುದು ಎಲ್ಲರಿಗೂ ನೆನಪಿದೆ. ಮಾಲ್ದೀವ್ಸ್‌ನ ಮೂವರು ಉಪಸಚಿವರು ಕೀಳು ಮಾತಾಡಿ ಅಮಾನತಾದರು. ಇಲ್ಲಿ ಮಾಲ್ದೀವ್ಸ್ ಬಹಿಷ್ಕಾರದ ಕೂಗೆದ್ದಿತು. ನಮ್ಮದೇ ಮಾಲ್ದೀವ್ಸ್ ಇದೆಯಲ್ಲ ಎಂಬ ಮಾತು ಮನೆಮನೆಗೆ ಮುಟ್ಟಿತು. ಬಿಳಿ ಮರಳಿಗೆ ಬಿಳಿ ಮರಳು, ನೀಲಿ ನೀರಿಗೆ ನೀಲಿ ನೀರು ಹೋಲಿಸಿದ್ದೇ ಹೋಲಿಸಿದ್ದು. ಆದರೆ ಹೋಲಿಸಿದವರಲ್ಲಿ ಲೆಕ್ಕ ಹಾಕಿ ನೋಡಿದವರು ಕಡಿಮೆ.

ಲೆಕ್ಕ ಹೀಗಿದೆ. ಮಾಲ್ದೀವ್ಸ್‌ನಲ್ಲಿ ಸುಮಾರು 1,200 ದ್ವೀಪಗಳಿದ್ದು, ಜನವಸತಿ ಇರುವವು ಇನ್ನೂರರ ಆಸುಪಾಸು. 1972ರಲ್ಲಿ ಪ್ರವಾಸೋದ್ಯಮ ಶುರುಮಾಡಿದಾಗ ಅವರು ರೆಸಾರ್ಟುಗಳನ್ನು ಜನರಿಲ್ಲದ ದ್ವೀಪಗಳಲ್ಲಿ ಕಟ್ಟಿದರು. ಹಾಗಾಗಿ ರೆಸಾರ್ಟಿನ ನೀರು, ಕಸ, ಮದ್ಯ, ಉಡುಪು ಯಾವುದೂ ಊರಿನ ಬದುಕಿಗೆ ನೇರವಾಗಿ ತಾಗಲಿಲ್ಲ. ಲಕ್ಷದ್ವೀಪದ ಒಟ್ಟು ನೆಲವೇ 32 ಚದರ ಕಿಲೋಮೀಟರ್. 36 ದ್ವೀಪಗಳ ಪೈಕಿ ಜನ ಇರುವುದು ಹತ್ತರಲ್ಲಿ. ಜನವಸತಿ ಇಲ್ಲದವುಗಳಲ್ಲಿ ಒಂದು ಸಣ್ಣ ದ್ವೀಪ, ಬಂಗಾರಂ ಅಟಾಲಿನ ಪರಳಿ-1, ಕೊರೆತಕ್ಕೆ ಸಿಕ್ಕಿ ಪೂರ್ತಿ ಮುಳುಗಿಹೋಗಿದೆ. 2011ರ ಜನಗಣತಿಯಂತೆ ಲಕ್ಷದ್ವೀಪದಲ್ಲಿ ಚದರ ಕಿಲೋಮೀಟರಿಗೆ ಎರಡು ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ಮಿನಿಕಾಯ್ ಅಂತೂ ಐದು ಚದರ ಕಿಲೋಮೀಟರ್ ತುಂಬದ ಬಾಲಚಂದ್ರಾಕಾರದ ಪಟ್ಟಿ. ಅಲ್ಲಿ ಹತ್ತು ಸಾವಿರ ಜನ. ಪಕ್ಕದಲ್ಲಿ ವಿರಿಂಗಿಲಿ ಎಂಬ ಪುಟ್ಟ ನಡುಗಡ್ಡೆಯೊಂದನ್ನು ಬಿಟ್ಟರೆ ಬೇರೆ ನೆಲವಿಲ್ಲ. ಇಲ್ಲಿ ಯಾವ ರೆಸಾರ್ಟು ಬಂದರೂ ಅದು ಊರಿನ ಬಾವಿಯ ನೀರನ್ನೇ ಕುಡಿಯಬೇಕು, ಊರಿನ ಲಗೂನಿನಲ್ಲೇ ಇಳಿಯಬೇಕು.

ಆ ಲಗೂನ್, ಅಂದರೆ ಹವಳದ ದಿಬ್ಬದೊಳಗಿನ ಶಾಂತ ನೀರು, ನೆಲಕ್ಕಿಂತ ಆರು ಪಟ್ಟು ದೊಡ್ಡದು, ಸುಮಾರು 30 ಚದರ ಕಿಲೋಮೀಟರ್. ಹೊರಗಿನವರ ಕಣ್ಣಿಗೆ ಅದು ಖಾಲಿ ನೀರು. ಊರಿನವರಿಗೆ ಅದೇ ಹೊಲ.

ಮಿನಿಕಾಯ್‌ನ ಮೀನುಗಾರಿಕೆಯನ್ನು ಹತ್ತಿರದಿಂದ ನೋಡಿದರೆ ಈ ಮಾತು ಅರ್ಥವಾದೀತು. ಇಲ್ಲಿ ಟ್ಯೂನಾ ಹಿಡಿಯಲು ಬಲೆ ಬೀಸುವುದಿಲ್ಲ. ಮೊದಲು ಲಗೂನಿನೊಳಗೆ, ಕವಲೊಡೆದ ಹವಳದ ಸಂದಿಗಳಲ್ಲಿ ಮನೆ ಮಾಡಿಕೊಂಡಿರುವ ಬೆರಳುದ್ದದ ಮರಿಮೀನುಗಳನ್ನು ಜೀವಂತ ಹಿಡಿಯುತ್ತಾರೆ. ದೋಣಿಯ ಒಡಲಲ್ಲೇ ಒಂದು ತೊಟ್ಟಿ ಇದೆ. ಅದರ ತಳದ ತೂತುಗಳಿಂದ ಸಮುದ್ರದ ನೀರು ಒಳಗೂ ಹೊರಗೂ ಹರಿಯುತ್ತಿರುವುದರಿಂದ ಮರಿಮೀನು ಸಾಯುವುದಿಲ್ಲ. ಆಮೇಲೆ ಹೊರಗಡಲಿಗೆ ಹೋಗಿ ಟ್ಯೂನಾ ಹಿಂಡು ಕಂಡಲ್ಲಿ ಜೀವಂತ ಮರಿಮೀನನ್ನು ಎರಚುತ್ತಾರೆ. ಜೊತೆಗೆ ದೋಣಿಯ ಹಿಂಬದಿಯಿಂದ ನೀರನ್ನೂ ಚಿಮ್ಮಿಸುತ್ತಾರೆ. ನೀರಿನ ಮೈಮೇಲೆ ಹನಿ ಬಿದ್ದು ಕದಡಿದಾಗ ಚಿಕ್ಕ ಮೀನಿನ ದೊಡ್ಡ ಗುಂಪೇ ಮೇಲೆದ್ದಿದೆ ಎಂದು ಟ್ಯೂನಾ ಹುಚ್ಚೆದ್ದು ಬರುತ್ತದೆ. ಹಿಂಬದಿಯ ಹಲಗೆಯ ಮೇಲೆ ಸಾಲಾಗಿ ನಿಂತವರ ಕೈಯಲ್ಲಿ ಉದ್ದನೆಯ ಗಳ, ಗಳದ ತುದಿಯ ದಾರಕ್ಕೆ ಮುಳ್ಳಿಲ್ಲದ ಕೊಕ್ಕೆ. ಕಚ್ಚಿದ ಮೀನನ್ನು ಒಂದೇ ಎಳೆತಕ್ಕೆ ತಲೆಯ ಮೇಲಿಂದ ಹಿಂದಕ್ಕೆ ಬೀಸಿದರೆ ಅದು ತಾನಾಗಿ ಕಳಚಿ ದೋಣಿಯೊಳಗೆ ಬೀಳುತ್ತದೆ. ಕೊಕ್ಕೆ ಆಗಲೇ ಮತ್ತೆ ನೀರಿನಲ್ಲಿ. ಒಬ್ಬೊಬ್ಬರೂ ಒಂದೊಂದೇ ಮೀನು ಹಿಡಿಯುವ ಈ ಕ್ರಮದಲ್ಲಿ ಆಮೆ, ಡಾಲ್ಫಿನ್‌ಗಳು ಸಿಕ್ಕಿ ಸಾಯುವ ಪ್ರಮೇಯ ಇಲ್ಲವೆಂಬಷ್ಟು ಕಡಿಮೆ.

ದಡಕ್ಕೆ ಬಂದ ಮೀನನ್ನು ಸೀಳಿ, ಉಪ್ಪುನೀರಿನಲ್ಲಿ ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಿಗೆ ಹರವುತ್ತಾರೆ. ಕೊನೆಗೆ ಅದು ಮರದ ತುಂಡಿನಷ್ಟು ಗಟ್ಟಿಯಾಗಿ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಇದೇ ಮಾಸ್‌ಮಿನ್. ಫ್ರಿಜ್ ಬರುವುದಕ್ಕೆ ಶತಮಾನಗಳ ಮೊದಲೇ ಈ ಮೀನು ಹಿಂದೂ ಮಹಾಸಾಗರದ ಸರಕಾಗಿತ್ತು.

ಈ ಸರಪಳಿಯ ಮೊದಲ ಕೊಂಡಿ ಹವಳ. ಹವಳ ಸತ್ತರೆ ಮರಿಮೀನಿಲ್ಲ, ಮರಿಮೀನಿಲ್ಲದಿದ್ದರೆ ಟ್ಯೂನಾ ಇಲ್ಲ. 1998, 2010, 2016, ಮತ್ತೆ 2024ರಲ್ಲಿ ಕಡಲು ಬಿಸಿಯೇರಿ ಲಕ್ಷದ್ವೀಪದ ಹವಳ ಬಿಳಿಚಿಕೊಂಡಿತು. ಒಂದು ಏಟಿನಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಏಟು. ಬಿಸಿಯಾದ ಕಡಲನ್ನು ತಣಿಸುವುದು ಮಿನಿಕಾಯ್‌ನವರ ಕೈಯಲ್ಲಿಲ್ಲ. ಆದರೆ ಅದೇ ಲಗೂನಿಗೆ ಕಂಬ ನೆಟ್ಟು ವಾಟರ್ ವಿಲ್ಲಾ ಕಟ್ಟುವುದೋ ಬೇಡವೋ ಎಂಬುದು ಮನುಷ್ಯರ ಕೈಯಲ್ಲೇ ಇದೆ. ಸುಹೇಲಿ, ಕಡಮತ್ ಜೊತೆಗೆ ಮಿನಿಕಾಯ್ ಕೂಡ ಅಂಥ ಯೋಜನೆಯ ಪಟ್ಟಿಯಲ್ಲಿತ್ತು ಎಂಬುದನ್ನು ಮರೆಯಬಾರದು.

ನೀರಿನ ಕಥೆ ಇನ್ನೊಂದು. ಸುತ್ತಲೂ ಸಮುದ್ರ, ಕುಡಿಯಲು ಬೊಗಸೆ ನೀರಿಗೂ ಲೆಕ್ಕ. ಹವಳದ ಮರಳಿನಲ್ಲಿ ಇಂಗಿದ ಮಳೆನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದೆ. ಬಾವಿಯಿಂದ ಹದ ಮೀರಿ ಎತ್ತಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಇದಕ್ಕೊಂದು ಜಾಣ ಉತ್ತರ ಕಂಡುಹಿಡಿದಿದೆ. ಮೇಲಿನ ಬೆಚ್ಚಗಿನ ಕಡಲ ನೀರನ್ನು ನಿರ್ವಾತದಲ್ಲಿ ಆವಿ ಮಾಡಿ, ಸುಮಾರು 350 ಮೀಟರ್ ಆಳದಿಂದ ಎಳೆದ ತಣ್ಣೀರಿನಿಂದ ಆ ಆವಿಯನ್ನು ತಣಿಸಿ ಸಿಹಿನೀರು ಪಡೆಯುವ ವಿಧಾನ ಅದು. 2005ರಲ್ಲಿ ಕವರತ್ತಿಯಲ್ಲಿ, 2011ರಲ್ಲಿ ಮಿನಿಕಾಯ್, ಅಗತ್ತಿಗಳಲ್ಲಿ ದಿನಕ್ಕೆ ಒಂದು ಲಕ್ಷ ಲೀಟರಿನ ಘಟಕಗಳು ಬಂದವು. ಹತ್ತು ಸಾವಿರ ಜನರಿಗೆ ಹಂಚಿದರೆ ತಲೆಗೆ ಹತ್ತು ಲೀಟರ್. ಕೊಡ ತುಂಬಲು ಸಾಕು, ಈಜುಕೊಳ ತುಂಬಲಲ್ಲ.

ಇನ್ನು ಜನ. ತಮ್ಮ ದ್ವೀಪವನ್ನು ಅವರು ಮಲಿಕು ಎನ್ನುತ್ತಾರೆ. ಲಕ್ಷದ್ವೀಪದ ಉಳಿದೆಲ್ಲ ದ್ವೀಪಗಳ ಮಾತು ಮಲಯಾಳಂ ಬಗೆಯದು. ಮಿನಿಕಾಯ್‌ನದು ಮಹಲ್, ಅಂದರೆ ಮಾಲ್ದೀವ್ಸ್‌ನ ದಿವೇಹಿಯೇ. ದ್ರಾವಿಡ ನೆರೆಹೊರೆಯ ನಡುವೆ ಸಿಂಹಳದ ಬಂಧುವಾದ ಇಂಡೋ-ಆರ್ಯನ್ ಭಾಷೆ. ಬಲದಿಂದ ಎಡಕ್ಕೆ ಬರೆಯುವ ಅದರ ತಾನ ಲಿಪಿಯ ಮೊದಲ ಒಂಬತ್ತು ಅಕ್ಷರಗಳು ಹುಟ್ಟಿದ್ದು ಅರಬ್ಬಿ ಅಂಕಿಗಳಿಂದ. ಕವರತ್ತಿ ರಾಜಧಾನಿಯಾದರೂ ಮಿನಿಕಾಯ್‌ಗೆ ಅದಕ್ಕಿಂತ ಮಾಲ್ದೀವ್ಸ್‌ನ ಉತ್ತರ ತುದಿಯೇ ಹತ್ತಿರ. ಇಷ್ಟಾದರೂ ಅವರು ಭಾರತದ ಪ್ರಜೆಗಳಾಗಿ ನೆಮ್ಮದಿಯಿಂದ ಬಾಳುತ್ತಿದ್ದಾರೆ. ಇಲ್ಲಿನ ಗಂಡಸರು ಬ್ರಿಟಿಷರ ಕಾಲದಲ್ಲೇ ಕಲ್ಕತ್ತೆಗೆ ಹೋಗಿ ವ್ಯಾಪಾರಿ ಹಡಗು ಹತ್ತಿದವರು. ಐದು ಚದರ ಕಿಲೋಮೀಟರಿನ ಈ ಊರಿನಲ್ಲಿ ಲೋಕದ ಬಂದರುಗಳನ್ನೆಲ್ಲ ಕಂಡುಬಂದವರು ಸಿಗುತ್ತಾರೆ.

ಗಂಡಸರು ಕಡಲಿಗೆ ಹೋದರೆ ಮನೆ ಯಾರದು? ಹೆಣ್ಣಿನದು. ಮಿನಿಕಾಯ್‌ನಲ್ಲಿ ಮದುವೆಯಾದ ಗಂಡು ಹೆಂಡತಿಯ ಮನೆಗೆ ಬಂದು ನೆಲೆಸುತ್ತಾನೆ. ವಂಶ ತಾಯಿಯ ಕಡೆಯಿಂದ. ಅಳಿಯಸಂತಾನ ಕಟ್ಟನ್ನು ಕಂಡ ತುಳುನಾಡಿನವರಿಗೆ ಇದು ತೀರಾ ಹೊಸದೇನಲ್ಲ. ಆದರೆ ಇವರು ಐದು ಹೊತ್ತು ನಮಾಜು ಮಾಡುವ ಸುನ್ನಿ ಮುಸ್ಲಿಮರು, ಜೊತೆಗೆ ಸಂವಿಧಾನದ ಪ್ರಕಾರ ಪರಿಶಿಷ್ಟ ಪಂಗಡದವರು. ಉತ್ತರದ ದ್ವೀಪಗಳಲ್ಲಿ ತರವಾಡಿನ, ಅಂದರೆ ತಾಯಿಯ ಸಾಲಿನ ಕೂಡುಕುಟುಂಬದ, ಆಸ್ತಿಗೆ ಶುಕ್ರವಾರದ ಸ್ವತ್ತು ಎಂದೂ, ಸ್ವಂತ ದುಡಿಮೆಯದಕ್ಕೆ ಸೋಮವಾರದ ಸ್ವತ್ತು ಎಂದೂ ಹೆಸರು. ಮೊದಲನೆಯದು ತಾಯಿಯ ಸಾಲಿನಲ್ಲಿ ಇಳಿದರೆ, ಎರಡನೆಯದು ತಂದೆಯಿಂದ ಮಕ್ಕಳಿಗೆ. ಮಾನವಶಾಸ್ತ್ರಜ್ಞೆ ಲೀಲಾ ದುಬೆ ಕಲ್ಪೇನಿ ದ್ವೀಪದ ಈ ಕಟ್ಟಳೆಗಳನ್ನು ಕುರಿತು 1969ರಲ್ಲೇ ಪುಸ್ತಕ ಬರೆದರು. ಇಸ್ಲಾಂ ಮತ್ತು ತಾಯಿಯ ಸಾಲಿನ ಕಟ್ಟು ಒಂದಕ್ಕೊಂದು ಹೊಂದುವುದಿಲ್ಲ ಎಂದು ಹೊರಗಿನವರು ತೀರ್ಪು ಕೊಡುವಲ್ಲಿ ದ್ವೀಪದವರು ಎರಡನ್ನೂ ಹೊಂದಿಸಿ ಶತಮಾನಗಳಿಂದ ಸಂಸಾರ ನಡೆಸಿದ್ದಾರೆ. ಮಿನಿಕಾಯ್‌ನ ಅತಿರಿ ಎನ್ನುವ ಪ್ರತಿ ಹಳ್ಳಿಗೂ ಒಬ್ಬ ಗಂಡು ಮುಖ್ಯಸ್ಥ, ಒಬ್ಬ ಹೆಣ್ಣು ಮುಖ್ಯಸ್ಥೆ ಇದ್ದಾರೆ. ಮೂಪ್ಪನ್ ಮತ್ತು ಮೂಪ್ಪತ್ತಿ. ಮಹಿಳಾ ಮೀಸಲಾತಿಗಾಗಿ ದಶಕಗಳ ಕಾಲ ಜಗ್ಗಾಡಿದ ದೇಶ ಕಲಿಯಬೇಕಾದ ಪಾಠ ಇದು.

ದ್ವೀಪಗಳನ್ನು ದೂರದಿಂದ ಆಳಿದವರು ಪ್ರತಿ ಕಾಲಕ್ಕೂ ತಮಗೆ ಬೇಕಾದ ಸರಕನ್ನು ಮಾತ್ರ ಕಂಡರು. ಕಣ್ಣೂರಿನ ಅರಕ್ಕಲ್ ಮನೆತನ ನಾರು, ಕವಡೆಗಳನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡಿತ್ತು. ಅದನ್ನು ತಾಳಲಾರದೆ ಅಮಿನಿ ಕಡೆಯ ಜನ ಟಿಪ್ಪು ಸುಲ್ತಾನನ ಮೊರೆಹೋದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು ಕೆನರಾದ ಕಲೆಕ್ಟರರ ಆಡಳಿತಕ್ಕೆ ಬಂದವು. ಅಲ್ಲಿನವರು ನಾರು ತಂದು ಸರಕಾರಕ್ಕೇ ಕೊಡಬೇಕು, ಬದಲಿಗೆ ಅಕ್ಕಿ ಒಯ್ಯಬೇಕು, ಬೆಲೆ ಸರಕಾರದ್ದು. ದಕ್ಷಿಣ ಕನ್ನಡ ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದ 1956ರ ನವೆಂಬರ್ 1ರಂದೇ ಆ ದ್ವೀಪಗಳು ಮಂಗಳೂರಿನಿಂದ ಕಳಚಿಕೊಂಡು ಕೇಂದ್ರಾಡಳಿತ ಪ್ರದೇಶವಾದವು. ರಾಜ್ಯೋತ್ಸವದ ದಿನ ಕನ್ನಡಿಗರಿಗೆ ಇದು ನೆನಪಾಗುವುದೇ ಇಲ್ಲ. ಅಂದು ನಾರು, ಇಂದು ಬೀಚು. ನೋಟ ಬದಲಾಗಿಲ್ಲ.

ದೇಶದ ರಕ್ಷಣೆಗೆ ಮಿನಿಕಾಯ್ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. 2024ರ ಮಾರ್ಚ್ 6ರಂದು ಅಲ್ಲಿ ಐಎನ್‌ಎಸ್ ಜಟಾಯು ನೌಕಾನೆಲೆ ಆರಂಭವಾಯಿತು. ಯುವಕರಿಗೆ ಕೆಲಸವೂ ಬೇಕು. ಗಂಭೀರ ಕಾಯಿಲೆಯಾದರೆ ಹೆಲಿಕಾಪ್ಟರಿಗೆ ಕಾಯುವ ಸ್ಥಿತಿ ಯಾರಿಗೂ ಬೇಡ. ಹಾಗಾಗಿ ದ್ವೀಪವನ್ನು ಮುಟ್ಟದೆ ಇಡಿ ಎಂದು ಯಾರೂ ಹೇಳಬೇಕಿಲ್ಲ. ಹೇಗೆ ಮುಟ್ಟಬೇಕೆಂಬ ದಾರಿಯನ್ನು ಸುಪ್ರೀಂ ಕೋರ್ಟು ನೇಮಿಸಿದ ಸಮಿತಿಯೇ 2014ರಲ್ಲಿ ತೋರಿಸಿತ್ತು. ಅದರ ಮುಖ್ಯಸ್ಥರು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ದ್ವೀಪದ್ವೀಪಕ್ಕೂ ಬೇರೆಬೇರೆಯಾಗಿ, ಅದರ ಧಾರಣಶಕ್ತಿ ನೋಡಿ, ಯೋಜನೆ ರೂಪಿಸಬೇಕೆಂಬುದು ಆ ವರದಿಯ ತಿರುಳು. 2021ರಲ್ಲಿ ಬಂದ ಅಭಿವೃದ್ಧಿ ಪ್ರಾಧಿಕಾರದ ಕರಡಿನಲ್ಲಿ ಮಾತ್ರ ಯಾವ ಜಾಗವನ್ನಾದರೂ ಯೋಜನಾ ಪ್ರದೇಶವೆಂದು ಘೋಷಿಸುವ ಅಧಿಕಾರವಿತ್ತು. ದ್ವೀಪವಾಸಿಗಳು ಮನೆಮನೆಯಲ್ಲಿ ಉಪವಾಸ ಕೂತರು. ಅವರಿಗೆ ವಿಧಾನಸಭೆ ಇಲ್ಲ, ಲೋಕಸಭೆಯಲ್ಲಿ ಇರುವುದು ಒಂದೇ ಸ್ಥಾನ. ಉಳಿದದ್ದೆಲ್ಲ ದಿಲ್ಲಿ ನೇಮಿಸುವ ಆಡಳಿತಾಧಿಕಾರಿಯ ಕೈಯಲ್ಲಿದೆ.

ಮಾಲ್ದೀವ್ಸ್ ಜೊತೆ ಹೋಲಿಸಲೇಬೇಕೆಂದರೆ ಮೀನನ್ನು ಹೋಲಿಸೋಣ. ಅಲ್ಲಿನವರೂ ಇದೇ ಗಳ, ಇದೇ ಕೊಕ್ಕೆಯಲ್ಲಿ ಟ್ಯೂನಾ ಹಿಡಿಯುತ್ತಾರೆ. 2012ರಲ್ಲಿ ಆ ಮೀನುಗಾರಿಕೆಗೆ ಅಂತರರಾಷ್ಟ್ರೀಯ ಸುಸ್ಥಿರತೆಯ ಪ್ರಮಾಣಪತ್ರ ಸಿಕ್ಕಿತು. ಒಂದೊಂದಾಗಿ ಹಿಡಿದ ಮೀನು ಎಂಬ ಹೆಮ್ಮೆಯ ಗುರುತಿನೊಂದಿಗೆ ಅದು ಯುರೋಪಿನ ಅಂಗಡಿಗಳಿಗೆ ಹೋಗುತ್ತಿದೆ. ಮಿನಿಕಾಯ್‌ನಲ್ಲಿ ಟ್ಯೂನಾ ಡಬ್ಬಿಗೆ ತುಂಬುವ ಸರಕಾರಿ ಕಾರ್ಖಾನೆ 1969ರಿಂದಲೇ ಇದೆ. ಕಸುಬು ಇದೆ, ಕಾರ್ಖಾನೆ ಇದೆ, ಮೀನು ಇದೆ. ವಿಲ್ಲಾಗಳಿಗೆ ಹೂಡಲು ಹೊರಟ ಹಣದ ಒಂದು ಪಾಲು ಐಸ್ ಘಟಕಕ್ಕೆ, ಪ್ರಮಾಣೀಕರಣಕ್ಕೆ, ಹೊರಗಿನ ಮಾರುಕಟ್ಟೆಗೆ ಹೋದರೆ ಹುಟ್ಟುವ ಉದ್ಯೋಗ ಅಲ್ಲಿನವರದೇ ಆಗಿರುತ್ತದೆ. ಪ್ರವಾಸಿಗರು ಬರಲಿ, ಊರಿನ ಮನೆಗಳಲ್ಲೇ ತಂಗಲಿ. ಅದಕ್ಕೂ ಮೊದಲು ಲಗೂನಿನಲ್ಲಿ ಮರಿಮೀನು ಎಲ್ಲೆಲ್ಲಿ ಸಿಗುತ್ತದೆ ಎಂಬುದನ್ನು ಮೀನುಗಾರರನ್ನೇ ಕೂರಿಸಿಕೊಂಡು ನಕ್ಷೆ ಮಾಡಬೇಕು. ಅಲ್ಲಿ ಕಂಬ ನೆಡುವಂತಿಲ್ಲ ಎಂದು ಕಾನೂನಿನಲ್ಲೇ ಬರೆಯಬೇಕು. ಯಾವುದೇ ಟೆಂಡರ್ ಕರೆಯುವ ಮುನ್ನ ಕರಡನ್ನು ತಾನ ಲಿಪಿಯಲ್ಲಿ ಅಚ್ಚು ಹಾಕಿ ಪ್ರತಿ ಅತಿರಿಯ ಊರಮನೆಗೆ ಕಳಿಸಬೇಕು. ಮೂಪ್ಪನ್‌ಗಳಷ್ಟೇ ಅಲ್ಲ, ಮೂಪ್ಪತ್ತಿಯರೂ ಅದಕ್ಕೆ ಸಹಿ ಹಾಕಬೇಕು.