ಅಚ್ಚಿನ ಒಳಮೈ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಲೋಹದ ವಿಗ್ರಹವನ್ನು ಎರಕ ಹೊಯ್ಯುವ ಕ್ರಮ ಬಂದಿದೆ. ಮೇಣದ ಬೊಂಬೆಯ ಮೇಲೆ ನುಣ್ಣಗೆ ಅರೆದ ಮಣ್ಣನ್ನು ಮೂರಾವೃತ್ತಿ ಲೇಪಿಸಬೇಕು. ಮೊದಲನೆಯ ಲೇಪ ತೆಳ್ಳಗಿರಬೇಕು, ಅದು ನೆರಳಿನಲ್ಲಿ ಒಣಗಿದ ಮೇಲೆ ಮುಂದಿನವು. ವಿಗ್ರಹದ ಕಣ್ಣು ಮೂಗುಗಳ ಚೆಲುವನ್ನು ಹಿಡಿಯತಕ್ಕದ್ದು ಆ ತೆಳುಲೇಪ. ಉಳಿದ ಮಣ್ಣು ಅದಕ್ಕೆ ಬೆನ್ನಾಸರೆ.

ಇಂದು ಮನೆಯ ಹಿತ್ತಲಿನಲ್ಲಿ ಪುಟ್ಟ ದೋಣಿಯನ್ನೋ ಮಾದರಿ ವಿಮಾನದ ರೆಕ್ಕೆಯನ್ನೋ ಫೈಬರ್‌ಗ್ಲಾಸಿನಿಂದ ಮಾಡಹೊರಟ ಹವ್ಯಾಸಿಗೂ ನಿಯಮ ಇದೇ. ಮರದಲ್ಲಿ ಮೂಲಾಕೃತಿಯನ್ನು ಕೆತ್ತಿ, ಉಪ್ಪುಕಾಗದದಿಂದ ಉಜ್ಜಿ, ಬಣ್ಣ ಬಳಿದು, ಕನ್ನಡಿಯಂತೆ ಹೊಳಪೇರಿಸುವಷ್ಟರಲ್ಲಿ ತಿಂಗಳುಗಳೇ ಉರುಳಿರುತ್ತವೆ. ಅದರ ಮೇಲೆ ಮೇಣ ತಿಕ್ಕಿ, ಎಪಾಕ್ಸಿ ರಾಳದ ಮೇಲ್ಲೇಪವನ್ನು ಕೊಟ್ಟು, ಅದರ ಬೆನ್ನಿಗೆ ರಾಳದಲ್ಲಿ ತೋಯಿಸಿದ ಗಾಜಿನ ಬಟ್ಟೆಯನ್ನು ಪದರ ಪದರವಾಗಿ ಹಾಸಿದರೆ ಅಚ್ಚು ಸಿದ್ಧ. ಮೂಲಾಕೃತಿಯನ್ನು ಬಿಡಿಸಿ ತೆಗೆದಾಗ ಒಳಮೈಯಾಗಿ ಉಳಿಯುವುದು ಆ ಮೇಲ್ಲೇಪ. ಅಲ್ಲಿ ಸೂಜಿಮೊನೆಯಷ್ಟು ಗುಳಿಯಿದ್ದರೂ ಅಚ್ಚಿನಿಂದ ಹುಟ್ಟುವ ಪ್ರತಿಯೊಂದು ಕೂಸಿನ ಮೈಮೇಲೂ ಅದೇ ಜಾಗದಲ್ಲೊಂದು ಮೊಡವೆ! ಲೇಪವು ಮೂಲಾಕೃತಿಗೇ ಅಂಟಿಕೊಂಡಿತೋ, ತಿಂಗಳುಗಳ ದುಡಿಮೆ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ.

ನುಣುಪೆಂಬುದು ಬರಿಯ ಅಂದದ ಮಾತೂ ಅಲ್ಲ. ಎಪ್ಲರ್ ಮತ್ತು ನೇಗೆಲೆ ಎಂಬ ಜರ್ಮನರು ಸ್ಟುಟ್‌ಗಾರ್ಟಿನಲ್ಲಿ ರೂಪಿಸಿದ ‘ಫೀನಿಕ್ಸ್’ 1957ರಲ್ಲಿ ಹಾರಿತು. 16 ಮೀಟರ್ ರೆಕ್ಕೆಯಗಲದ ಅದು ಗಾಜಿನ ನಾರಿನಿಂದ ಕಟ್ಟಿದ ಮೊಟ್ಟಮೊದಲ ಗ್ಲೈಡರ್. ಎಂಜಿನ್ನಿಲ್ಲದ ವಿಮಾನದ ರೆಕ್ಕೆಯ ಮೇಲೆ ಗಾಳಿ ಕದಡದೆ ಜಾರಿಹೋಗಬೇಕಾದರೆ ಮೈ ಅಲೆಯಿಲ್ಲದೆ, ಗಂಟಿಲ್ಲದೆ ಇರಬೇಕು. ಆ ಗುಣವನ್ನು ಒಂದರ ಹಿಂದೊಂದು ರೆಕ್ಕೆಗೆ ಸುಲಭವಾಗಿ ದಾಟಿಸಬಲ್ಲದ್ದು ಒಳ್ಳೆಯ ಅಚ್ಚು.

ಹಾಗಾದರೆ ಎಂಥ ಲೇಪವನ್ನು ಆರಿಸಬೇಕು? ಅಗ್ಗದ ಪಾಲಿಯೆಸ್ಟರ್ ರಾಳ ಗಟ್ಟಿಯಾಗುವಾಗ ಗಾತ್ರದಲ್ಲಿ ಶೇಕಡ 5ರಿಂದ 8ರಷ್ಟು ಕುಗ್ಗುತ್ತದೆ. ಎಪಾಕ್ಸಿ ಕುಗ್ಗುವುದು ಬಹಳ ಕಡಮೆ. ಅಳತೆ ಕೆಡಬಾರದೆನ್ನುವವನಿಗೆ ಅದೇ ಗತಿ. 1946ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿ ಪೇಟೆಗೆ ತಂದ ಅರಾಲ್ಡೈಟ್ ಅಂಟು ಇದೇ ಕುಲದ್ದು. ಆದರೆ ಗಾಜಿನ ಬಟ್ಟೆಯನ್ನು ತೋಯಿಸುವ ನೀರಾದ ಎಪಾಕ್ಸಿಯನ್ನೇ ಮೇಲ್ಲೇಪವಾಗಿ ಬಳಿದರೆ ಅದು ಮೇಣದ ಮೇಲೆ ನಿಲ್ಲದೆ ತಾವರೆಯೆಲೆಯ ನೀರಿನಂತೆ ಹನಿಗೂಡುತ್ತದೆ, ನೆಟ್ಟಗಿನ ಮೈಯಿಂದ ಜಾರಿ ತಳ ಸೇರುತ್ತದೆ. ಅಚ್ಚಿಗೆಂದೇ ಮಾಡಿದ ಲೇಪಗಳಲ್ಲಿ ಬಲು ನವುರಾದ ಸಿಲಿಕಾ ಪುಡಿ ಬೆರೆತಿರುತ್ತದೆ. ಬ್ರಷ್ಷಿನ ಕೆಳಗೆ ಅದು ಹರಿಯುತ್ತದೆ, ಬ್ರಷ್ಷು ತೆಗೆದೊಡನೆ ನಿಂತಲ್ಲೇ ನಿಲ್ಲುತ್ತದೆ. ಅಲ್ಯೂಮಿನಿಯಮ್ ಪುಡಿ ತುಂಬಿದ ಲೇಪ ಶಾಖವನ್ನು ಹರಡುತ್ತದೆ, ಉಜ್ಜಲು ಸುಲಭ. ಗಡುಸಾದ ಖನಿಜದ ಪುಡಿ ತುಂಬಿದ್ದು ಸವೆತವನ್ನು ತಾಳುತ್ತದೆ. ಆದರೆ ತಪ್ಪಾದರೆ ಉಜ್ಜಿ ತಿದ್ದುವುದು ಕಷ್ಟ. ಹತ್ತಾರು ಪ್ರತಿಗಳನ್ನಷ್ಟೇ ತೆಗೆಯುವ ಹೊಸಬನಿಗೆ ತಿದ್ದಲು ಬರುವ ಲೇಪವೇ ಲೇಸು. ಅದರ ಬಣ್ಣ ಮೂಲಾಕೃತಿಯ ಬಣ್ಣಕ್ಕೆ ಎದುರಾಗಿದ್ದರೆ ಬಳಿಯದೆ ಉಳಿದ ಜಾಗ ಕಣ್ಣಿಗೆ ಬೀಳುತ್ತದೆ.

ಬಿಸಿಲನ್ನೂ ಮರೆಯಲಾಗದು. ಸಾಧಾರಣ ಹವೆಯಲ್ಲೇ ಗಟ್ಟಿಯಾದ ಎಪಾಕ್ಸಿಗಳಲ್ಲಿ ಎಷ್ಟೋ 50–60 ಡಿಗ್ರಿ ಸೆಲ್ಸಿಯಸ್ಸಿಗೆ ಮೆತ್ತಗಾಗತೊಡಗುತ್ತವೆ. ವೈಶಾಖದ ಬಿಸಿಲಿಗಿಟ್ಟ ಕಪ್ಪು ಅಚ್ಚು ಆ ಶಾಖವನ್ನು ಸುಲಭವಾಗಿ ಮುಟ್ಟೀತು. ತಯಾರಕರು ಹೇಳಿದ ಮಟ್ಟಿಗೆ, ಮೂಲಾಕೃತಿ ತಾಳುವ ಮಿತಿಯೊಳಗೆ, ಅಚ್ಚನ್ನು ಅದರಿಂದ ಬಿಡಿಸುವ ಮೊದಲೇ ಮೆಲ್ಲಮೆಲ್ಲನೆ ಬೆಚ್ಚಗೆ ಮಾಡಿದರೆ ಅದರ ತಾಳಿಕೆ ಹೆಚ್ಚುತ್ತದೆ.

ಇನ್ನು ಬಳಿಯುವ ಹದ. ರಾಳಕ್ಕೆ ಬೆರೆಸುವ ಹಾರ್ಡನರನ್ನು ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು. ಹೆಚ್ಚು ಹಾಕಿದರೆ ಬೇಗ ಗಟ್ಟಿಯಾದೀತೆಂಬುದು ಪಾಲಿಯೆಸ್ಟರಿನಿಂದ ಕಲಿತ ಚಾಳಿ. ಎಪಾಕ್ಸಿಯಲ್ಲಿ ಹೆಚ್ಚಾದ ಭಾಗ ಜೊತೆ ಸಿಕ್ಕದೆ ಉಳಿದು ಲೇಪವನ್ನು ಬಲಗೆಡಿಸುತ್ತದೆ. ಮಳೆಗಾಲದ ಥಂಡಿಯಲ್ಲಿ ಕೆಲವು ಹಾರ್ಡನರುಗಳು ಗಾಳಿಯ ತೇವದೊಡನೆಯೂ ಇಂಗಾಲಾಮ್ಲದೊಡನೆಯೂ ಕೂಡಿ ಮೇಣದಂಥ ಜಿಡ್ಡನ್ನು ತೇಲಿಸುತ್ತವೆ. ಅದರ ಮೇಲೆ ಮುಂದಿನ ಪದರ ಹಿಡಿಯದು. ಬೆಲ್ಲದ ಪಾಕದ ಹದ ಬಲ್ಲ ಗೃಹಿಣಿಗೆ ಈ ವಿದ್ಯೆ ಬೇಗ ತಿಳಿದೀತು: ಲೇಪವನ್ನು ಮುಟ್ಟಿದರೆ ಅಂಟಬೇಕು, ಬೆರಳಿಗೆ ಬರಬಾರದು. ಅದೇ ಗಳಿಗೆಯಲ್ಲಿ ತೆಳುವಾದ ಗಾಜಿನ ಬಟ್ಟೆಯನ್ನು ಮೊದಲು ಹಾಸಬೇಕು. ಒರಟು ಬಟ್ಟೆ ಮೊದಲು ಬಂದರೆ ಅದರ ನೇಯ್ಗೆ ಒಳಮೈಯಲ್ಲಿ ಮೂಡೀತು.

ಮುಟ್ಟುವ ಬೆರಳಿಗೆ ಕೈಚೀಲವಿರಲಿ. ಹಾರ್ಡನರಿನ ಸೋಂಕಿನಿಂದ ಕೆಲವರ ಚರ್ಮ ಒಮ್ಮೆ ಮುನಿದರೆ ಮತ್ತೆಂದೂ ಅದನ್ನು ಸೈರಿಸದು. ಅಂಥವರು ಹವ್ಯಾಸವನ್ನೇ ಬಿಡಬೇಕಾಗುತ್ತದೆ.

ಎಲ್ಲಕ್ಕಿಂತ ಮೊದಲು, ಮೂಲಾಕೃತಿಗೆ ಬಳಿದ ಬಣ್ಣವನ್ನೇ ಹಲಗೆಯ ತುಂಡೊಂದಕ್ಕೆ ಬಳಿದು, ಅದೇ ಮೇಣ ತಿಕ್ಕಿ, ಅದೇ ಲೇಪವನ್ನು ಪರೀಕ್ಷಿಸಿ ನೋಡುವುದು ಜಾಣತನ. ಆ ತುಂಡು ಸಲೀಸಾಗಿ ಬಿಟ್ಟುಬಂದರೆ ಮುಂದಿನ ಹೆಜ್ಜೆಗೆ ಧೈರ್ಯ. ಬರದಿದ್ದರೆ ಕೆಟ್ಟದ್ದು ಒಂದು ಚೂರು ಹಲಗೆ, ಉಳಿದದ್ದು ತಿಂಗಳುಗಳ ದುಡಿಮೆ.